ಕರ್ನಲ್ ಪತ್ರದ ಒಂದು ಪದ

ಹಳೆಯ ಪತ್ರಗಳನ್ನು ಓದಿ ಅಚ್ಚಿಗೆ ಸಿದ್ಧಪಡಿಸುವ ಕೆಲಸಕ್ಕೆ ಸೇರಬೇಕೆಂದಿರುವ ಇಬ್ಬರು ಹುಡುಗಿಯರು ಈಚೆಗೆ ನನಗೆ ಬರೆದು, ಏನು ಕಲಿತುಕೊಂಡು ಬರಬೇಕು ಎಂದು ಕೇಳಿದ್ದರು. ಒಳ್ಳೆಯ ಕಣ್ಣು ಬೇಕು, ತಾಳ್ಮೆ ಬೇಕು, ಇತಿಹಾಸ ತಿಳಿದಿರಬೇಕು ಎಂದು ಉತ್ತರ ಬರೆಯಲು ಕೂತೆ. ಎರಡು ಸಾಲಿನ ಮೇಲೆ ಕೈ ಓಡಲಿಲ್ಲ. ಬರೆದದ್ದು ಸುಳ್ಳಲ್ಲ, ಆದರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಅದರ ಬದಲು ನಾನು ಮಾಡಿದ ಒಂದು ತಪ್ಪನ್ನೂ, ಅದನ್ನು ಹೇಳದೆ ಕಳೆದ ಮೂರು ವಾರಗಳನ್ನೂ ಇಲ್ಲಿ ಬರೆಯುತ್ತೇನೆ. ನನ್ನ ಹದಿನೆಂಟು ವರ್ಷದ ಕೆಲಸದಲ್ಲಿ ಕಲಿತದ್ದೆಲ್ಲ ಹೆಚ್ಚುಕಡಿಮೆ ಅದರಲ್ಲೇ ಇದೆ.

ನಮ್ಮ ಕಚೇರಿ ವರ್ಜೀನಿಯಾದ ರೆಸ್ಟನ್‌ನಲ್ಲಿ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿತ್ತು. ಅಮೆರಿಕ ಗಣರಾಜ್ಯವಾದ ಮೊದಲ ಕೆಲವು ವರ್ಷಗಳಲ್ಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯರು ಮನೆಯವರಿಗೂ ನೆಂಟರಿಗೂ ಬರೆದ ಪತ್ರಗಳನ್ನು ಹುಡುಕಿ, ಕೈಬರಹವನ್ನು ಅಕ್ಷರ ಅಕ್ಷರವಾಗಿ ಟೈಪು ಮಾಡಿ, ಟಿಪ್ಪಣಿ ಬರೆದು ಪ್ರಕಟಿಸುವುದು ನಮ್ಮ ಕೆಲಸ. ನಾನು ಮೈಸೂರಿನಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಗಂಡನಿಗೆ ರಾಕ್‌ವಿಲ್‌ನ ಲ್ಯಾಬೊಂದರಲ್ಲಿ ಕೆಲಸ. ಮಗಳು ಹೈಸ್ಕೂಲಿಗೆ ಹೋಗಲು ಶುರುಮಾಡಿದ ಮೇಲೆ ಟೈಪಿಸ್ಟಾಗಿ ಸೇರಿಕೊಂಡೆ. ಅಲ್ಲಿಂದ ಪತ್ರ ಓದುವವಳಾದೆ.

ಪುಸ್ತಕದಲ್ಲಿ ಓದುವಾಗ ದೇಶ ಕಟ್ಟಿದವರಿಗೆ ಎಲ್ಲವೂ ಮೊದಲೇ ಗೊತ್ತಿತ್ತು ಅನ್ನಿಸುತ್ತದೆ. ಪತ್ರಗಳಲ್ಲಿ ಹಾಗಿಲ್ಲ. ಈ ಸರ್ಕಾರ ಮುಂದಿನ ಚುನಾವಣೆವರೆಗಾದರೂ ಉಳಿದೀತೇ ಎಂದು ಒಬ್ಬ ಹೆಂಡತಿಗೆ ಬರೆಯುತ್ತಾನೆ. ರಾಜಧಾನಿ ಎಲ್ಲಿರಬೇಕು ಎಂಬ ಜಗಳದಿಂದ ಬೇಸತ್ತು ಇನ್ನೊಬ್ಬ ಊರಿಗೆ ಹೊರಡಲು ಗಂಟುಮೂಟೆ ಕಟ್ಟುತ್ತಾನೆ. ಎಲ್ಲಕ್ಕಿಂತ ದೊಡ್ಡ ಜಗಳ ಬ್ಯಾಂಕಿನದು. ಇಡೀ ದೇಶಕ್ಕೆ ಒಂದು ರಾಷ್ಟ್ರೀಯ ಬ್ಯಾಂಕು ಬೇಕು, ಇಲ್ಲದಿದ್ದರೆ ಸರ್ಕಾರ ನಡೆಯುವುದಿಲ್ಲ ಎಂದು ಒಂದು ಪಕ್ಷ. ಸಂವಿಧಾನದಲ್ಲಿ ಬ್ಯಾಂಕು ಎಂಬ ಮಾತೇ ಇಲ್ಲ, ಬರೆಯದೆ ಇರುವುದನ್ನು ಮಾಡಲು ನಿಮಗೆ ಅಧಿಕಾರ ಕೊಟ್ಟವರು ಯಾರು, ಇಂದು ಬ್ಯಾಂಕು ತರುವವರು ನಾಳೆ ಇನ್ನೇನು ತರುತ್ತೀರಿ ಎಂದು ಇನ್ನೊಂದು ಪಕ್ಷ. ಉತ್ತರದ ವ್ಯಾಪಾರಿಗಳು ಹೆಚ್ಚಾಗಿ ಮೊದಲನೆಯದರಲ್ಲಿ, ದಕ್ಷಿಣದ ಜಮೀನುದಾರರು ಎರಡನೆಯದರಲ್ಲಿ.

ನನ್ನ ಪಾಲಿಗೆ ಬಂದದ್ದು ಕ್ಯಾರೊಲೈನಾದ ಒಬ್ಬ ಸದಸ್ಯನ ಪತ್ರಗಳು. ಹೆಸರು ಬೇಡ. ಕಚೇರಿಯಲ್ಲಿ ಎಲ್ಲರೂ ಆತನನ್ನು ಕರ್ನಲ್ ಎಂದೇ ಕರೆಯುತ್ತಿದ್ದೆವು. ಬ್ಯಾಂಕೆಂದರೆ ಆತನಿಗೆ ಮೈಯೆಲ್ಲ ಉರಿ. ಭಾವಮೈದುನನಿಗೆ ಬರೆದ ಮೂವತ್ತಕ್ಕೂ ಹೆಚ್ಚು ಪತ್ರಗಳಲ್ಲಿ ಬೈಗುಳ ಒಂದರಂತೆ ಒಂದಿಲ್ಲ. ಅದೇ ಕೈ ಸ್ವಾತಂತ್ರ್ಯದ ಬಗ್ಗೆ ಒಂದು ಪುಟ ಬರೆದು, ಹಾಳೆಯ ಅಂಚಿನಲ್ಲಿ ಮನೆಯ ಗುಲಾಮರಲ್ಲಿ ಯಾರನ್ನು ಯಾವ ಹೊಲಕ್ಕೆ ಕಳಿಸಬೇಕು ಎಂದು ಹೆಸರು ಹೆಸರಾಗಿ ಬರೆಯುತ್ತಿತ್ತು. ನಾನು ಸೇರಿದಾಗ ಆ ಅಂಚಿನ ಸಾಲುಗಳನ್ನು ಟೈಪು ಮಾಡುವ ಪದ್ಧತಿಯೇ ಇರಲಿಲ್ಲ. ‘ಮನೆಯ ವಿಚಾರ, ಬಿಡಲಾಗಿದೆ’ ಎಂದು ಹಾಕಿ ಮುಂದೆ ಹೋಗುತ್ತಿದ್ದೆವು. ನಮ್ಮ ಮುಖ್ಯ ಸಂಪಾದಕಿ ಹೆಲೆನ್, ಕಪ್ಪು ಜನರ ಪರವಾಗಿ ದೇಶದ ತುಂಬ ಮೆರವಣಿಗೆ ನಡೆದ 2020ರ ಬೇಸಿಗೆಯಲ್ಲಿ, ಬಿಟ್ಟದ್ದನ್ನೆಲ್ಲ ಮತ್ತೆ ಓದಿ ಸೇರಿಸಿ ಎಂದರು. ನಾನು ಎಷ್ಟು ಹೆಸರುಗಳನ್ನು ಹಾರಿಸಿದ್ದೆ ಎಂದು ಆಗ ಗೊತ್ತಾಗಿ ನಾಚಿಕೆಯಾಯಿತು.

ಹೆಲೆನ್ ಬಹಳ ಕಟ್ಟುನಿಟ್ಟು. ‘ಬಹುಶಃ’ ಎಂಬ ಮಾತು ಅವರ ಎದುರು ಆಡುವಂತಿರಲಿಲ್ಲ. ಓದಲಾಗದ ಪದ ಬಂದರೆ ಆ ಜಾಗವನ್ನು ಖಾಲಿ ಬಿಡಬೇಕು, ಅಷ್ಟೇ. ಅವರ ಇನ್ನೊಂದು ನಿಯಮ ಜೋಡಿ ಓದು. ಒಬ್ಬರು ಟೈಪು ಮಾಡಿದ ಮೇಲೆ ಇನ್ನೊಬ್ಬರು ಮೂಲ ಪತ್ರ ಹಿಡಿದು, ಕಾಮಾ, ಗೆರೆ, ಕಾಟು ಎಲ್ಲವನ್ನೂ ಬಿಡದೆ ಗಟ್ಟಿಯಾಗಿ ಓದಬೇಕು. ಟೈಪು ಮಾಡಿದವರು ತಮ್ಮ ಹಾಳೆ ನೋಡಿಕೊಂಡು ಕೇಳಬೇಕು. ಮೂಲವನ್ನು ಹೊಸ ಕಣ್ಣು ನೋಡಲಿ ಎಂಬುದು ಇದರ ಉದ್ದೇಶ. ನನ್ನ ಜೋಡಿ ವಾಲ್ಟರ್ ಎಂಬ ಹಿರಿಯರು. ಚರ್ಚಿನಲ್ಲಿ ಹಾಡುವ ದನಿ. ಅವರು ಕರ್ನಲ್‌ನ ಬೈಗುಳ ಓದಿದರೆ ಕೆಳಗಿನ ಡಾಕ್ಟರ ರೋಗಿಗಳಿಗೂ ಕೇಳುತ್ತಿತ್ತು.

2020ರ ಮಾರ್ಚ್‌ನಲ್ಲಿ ಕಚೇರಿ ಮುಚ್ಚಿತು. ಸ್ಕ್ಯಾನ್ ಮಾಡಿದ ಚಿತ್ರಗಳನ್ನಿಟ್ಟುಕೊಂಡು ಮನೆಯಿಂದಲೇ ಕೆಲಸ. ಜೋಡಿ ಓದು ಫೋನಿನಲ್ಲಿ. ವಾಲ್ಟರ್ ಇದ್ದದ್ದು ಊರಾಚೆಯ ಕಾಡಿನಂಚಿನ ಮನೆಯಲ್ಲಿ. ಅಲ್ಲಿ ಇಂಟರ್ನೆಟ್ ಬಹಳ ನಿಧಾನ, ಆ ದೊಡ್ಡ ಚಿತ್ರಗಳು ತೆರೆಯುತ್ತಲೇ ಇರಲಿಲ್ಲ.

“ನೀವೇ ಮೂಲ ನೋಡಿ ಓದಿಬಿಡಿ ವಿಮಲಾ, ನಾನು ಟೈಪು ಮಾಡಿದ್ದನ್ನು ನೋಡ್ತೀನಿ,” ಎಂದರು.

ನಿಯಮ ತಲೆಕೆಳಗಾಯಿತು ಎಂದು ಇಬ್ಬರಿಗೂ ಗೊತ್ತಿತ್ತು. ಎಲ್ಲೆಲ್ಲೂ ಕಾಯಿಲೆಯ ಸುದ್ದಿ. ಕೆಲಸ ನಡೆಯುತ್ತಿರುವುದೇ ದೊಡ್ಡದು ಅನ್ನಿಸಿತ್ತು. ಹೆಲೆನ್‌ಗೆ ಹೇಳಲಿಲ್ಲ.

ಆ ವಾರ ಬಂದದ್ದು ಕರ್ನಲ್‌ನ ಒಂದು ಚಿಕ್ಕ ಪತ್ರ. ಮಳೆ, ಕುದುರೆಯ ಕಾಲುನೋವು, ಹೆಂಡತಿಯ ಆರೋಗ್ಯ, ನಡುವೆ ಬ್ಯಾಂಕಿನ ಬಗ್ಗೆ ಒಂದೇ ಸಾಲು. ಕಾಗದ ಮಡಿಚಿದ್ದ ಗೆರೆ ಸರಿಯಾಗಿ ಆ ಸಾಲಿನ ಮೇಲೆ ಹಾಯ್ದಿತ್ತು. ‘ಐ ಆಮ್’ ಸ್ಪಷ್ಟ. ‘ಫಾರ್ ದಿ ಬ್ಯಾಂಕ್’ ಸ್ಪಷ್ಟ. ನಡುವೆ ಮೂರಕ್ಷರದ ಪದ. ಮೊದಲೆರಡು ಅಕ್ಷರ ಎನ್, ಓ. ಮೂರನೆಯದು ನೆರಳಿನಲ್ಲಿತ್ತು. ಅದು ಟಿ ಆದರೆ ‘ನಾಟ್’: ನಾನು ಬ್ಯಾಂಕಿನ ಪರ ಅಲ್ಲ. ಡಬ್ಲ್ಯೂ ಆದರೆ ‘ನೌ’: ನಾನು ಈಗ ಬ್ಯಾಂಕಿನ ಪರ.

ನಾನು ‘ನಾಟ್’ ಎಂದು ಟೈಪು ಮಾಡಿದೆ. ಒಂದು ಕ್ಷಣವೂ ಯೋಚಿಸಲಿಲ್ಲ. ಮೂವತ್ತು ಪತ್ರ ಓದಿದ್ದೆನಲ್ಲ, ಕರ್ನಲ್ ಏನು ಹೇಳುತ್ತಾನೆ ಎಂದು ನನಗೆ ಗೊತ್ತಿತ್ತು. ಆಮೇಲೆ ವಾಲ್ಟರ್‌ಗೆ ಫೋನಿನಲ್ಲಿ ‘ನಾಟ್’ ಎಂದೇ ಓದಿದೆ. ಅವರ ಹಾಳೆಯಲ್ಲೂ ಅದೇ ಇತ್ತು. ಸರಿ ಎಂದರು. ಆ ಶರತ್ಕಾಲದಲ್ಲಿ ಪತ್ರ ನಮ್ಮ ಜಾಲತಾಣದಲ್ಲಿ ಪ್ರಕಟವಾಯಿತು.

ಅದಾದ ಕೆಲವೇ ವಾರಗಳಲ್ಲಿ ಅಟ್ಲಾಂಟಾದಿಂದ ಒಂದು ಇಮೇಲ್ ಬಂತು. ಬರೆದವಳು ಸಾನಿಯಾ, ಅಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಹುಡುಗಿ. ಬ್ಯಾಂಕನ್ನು ವಿರೋಧಿಸಿದ ದಕ್ಷಿಣದವರ ಮೇಲೆ ಅವಳ ಪ್ರಬಂಧ. ಜಾಲತಾಣದಲ್ಲಿ ಪತ್ರದ ಕೆಳಗೆ ನನ್ನ ಹೆಸರು ನೋಡಿ ‘ನೀವು ಕನ್ನಡದವರಾ?’ ಎಂದು ಸೇರಿಸಿದ್ದಳು. ಫೋನ್ ಮಾಡಿದೆ. ಅವಳು ಮೈಸೂರಿನ ಉದಯಗಿರಿಯವಳು. ನಾನು ಲಕ್ಷ್ಮೀಪುರದವಳು. ಒಂದೇ ಊರಿನಲ್ಲಿ ಬೆಳೆದು ನಾನು ಉದಯಗಿರಿಯ ಒಂದು ಬೀದಿಯನ್ನೂ ಕಂಡಿರಲಿಲ್ಲ. ಅದನ್ನು ಹೇಳಿದಾಗ ಅವಳು ನಕ್ಕಳು. “ಪರವಾಗಿಲ್ಲ ಆಂಟಿ, ಈಗ ಇಬ್ರೂ ಕರ್ನಲ್ ಮನೇಲೇ ಇದೀವಲ್ಲ.”

ವಾರಕ್ಕೊಮ್ಮೆ ಮಾತಾಡತೊಡಗಿದೆವು. ಅವಳ ವಾದಕ್ಕೆ ಬೇಕಿದ್ದದ್ದು ಆ ಚಿಕ್ಕ ಪತ್ರವೇ. ಆ ಹೊತ್ತಿಗೆ ಅಕ್ಕಪಕ್ಕದ ಜಮೀನುದಾರರು ಒಬ್ಬೊಬ್ಬರಾಗಿ ಮನಸ್ಸು ಬದಲಿಸಿದ್ದರು. ಕರ್ನಲ್ ಒಬ್ಬ ಮಾತ್ರ, ಬೇರೆ ಯಾರೂ ಓದದ ಖಾಸಗಿ ಪತ್ರದಲ್ಲೂ, ಕದಲಲಿಲ್ಲ ಎಂಬುದು ಅವಳ ವಾದ. “ಆ ಒಂದ್ ಸಾಲು ಸಾಕು ಆಂಟಿ. ಇಡೀ ಚಾಪ್ಟರ್ ಅದರ ಮೇಲೆ ನಿಲ್ಲಿಸ್ತಿದೀನಿ,” ಎಂದಿದ್ದಳು. ನನಗೆ ಹೆಮ್ಮೆಯಾಗಿತ್ತು. ಗಂಡನಿಗೂ ಮಗಳಿಗೂ ಹೇಳಿಕೊಂಡೆ.

ಮುಂದಿನ ಜನವರಿಯಲ್ಲಿ, ಕಾಂಗ್ರೆಸ್ಸು ಸೇರುವ ಕ್ಯಾಪಿಟಲ್ ಕಟ್ಟಡಕ್ಕೆ ಜನ ನುಗ್ಗಿದ ದಿನ ನಾನೂ ವಾಲ್ಟರೂ ಫೋನಿನಲ್ಲಿ ಓದುತ್ತಿದ್ದೆವು. ಗಂಡ ಒಳಗಿನಿಂದ, “ವಿಮಲಾ, ಟಿವಿ ನೋಡು ಬಾ,” ಎಂದು ಕೂಗಿದರು. ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ ಅದು. ವಾಲ್ಟರ್‌ಗೆ ಹೇಳಿದೆ. ಅವರು, “ಪುಟ ಮುಗಿಸೋಣ, ನಿಲ್ಲಿಸಿದರೆ ನನಗೆ ಕೈಕಾಲು ಆಡೋದಿಲ್ಲ,” ಎಂದರು. ಮುಗಿಸಿದೆವು. ಏನು ಓದಿದೆವೋ ಇಬ್ಬರಿಗೂ ನೆನಪಿಲ್ಲ. ಮರುದಿನ ಮತ್ತೆ ಓದಬೇಕಾಯಿತು.

ವಸಂತದಲ್ಲಿ ಕರ್ನಲ್‌ನ ಭಾವಮೈದುನ ಬರೆದ ಉತ್ತರಗಳು ನನ್ನ ಕೈಗೆ ಬಂದವು. ಆ ಚಿಕ್ಕ ಪತ್ರದ ಉತ್ತರವೂ ಅದರಲ್ಲಿತ್ತು. ನಿನ್ನಂಥವನೇ ಹೀಗೆ ತಿರುಗಿ ನಿಂತರೆ ಇನ್ನು ಯಾರನ್ನು ನಂಬಲಿ ಎಂಬ ಅರ್ಥದ ಮಾತುಗಳು ಕಣ್ಣಿಗೆ ಬಿದ್ದವು. ಹಿಂದಿನ ವರ್ಷದ ಚಿತ್ರ ತೆರೆದೆ. ದೊಡ್ಡದು ಮಾಡಿದೆ. ಚಿಕ್ಕದು ಮಾಡಿದೆ. ಒಮ್ಮೆ ಟಿ, ಒಮ್ಮೆ ಡಬ್ಲ್ಯೂ. ನೋಡಿದಷ್ಟೂ ಎರಡೂ ಹೌದು.

ವಾಲ್ಟರ್‌ಗೆ ಫೋನ್ ಮಾಡಿದೆ. “ತಪ್ಪಾಗಿದ್ದರೆ ಅದು ಇಬ್ಬರದ್ದೂ,” ಎಂದು, ನಾನು ಬೇಡವೆಂದರೂ ಅವರೇ ಮೊದಲು ಹೆಲೆನ್‌ಗೆ ಬರೆದರು. ಹೆಲೆನ್ ನನಗೆ ಕರೆ ಮಾಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ.

“ಈಗ ‘ನೌ’ ಎಂದು ತಿದ್ದಿದರೆ ಅದೂ ಊಹೆಯೇ ಆಗುತ್ತದೆ. ಮೂಲ ಕಾಗದ ನೋಡುವ ತನಕ ಹೊರಗಿನವರಿಗೆ ಏನೂ ಹೇಳಬೇಡಿ,” ಎಂದರು.

ಮೂಲ ಇದ್ದದ್ದು ಷಾರ್ಲೆಟ್‌ನಿಂದ ಒಂದು ಗಂಟೆ ದೂರದ ಒಂದು ಸಣ್ಣ ಊರಿನ ಲೈಬ್ರರಿಯಲ್ಲಿ. ಅದು ಇನ್ನೂ ತೆರೆದಿರಲಿಲ್ಲ. ಮೂರು ವಾರದ ನಂತರದ ಒಂದು ದಿನ ಕೊಟ್ಟರು.

ಆ ಮೂರು ವಾರ ನಾನು ಒಂದು ಕಡೆ ಕೂತವಳಲ್ಲ. ಟೈಪು ಮಾಡಲು ಕೂತರೆ ಪ್ರತಿ ‘ನಾಟ್’ ಮೇಲೂ ಅನುಮಾನ. ಹಳೆಯ ಕಡತ ತೆಗೆದು ಹಿಂದೆ ಓದಿದ್ದನ್ನೆಲ್ಲ ಮತ್ತೆ ಓದುವುದು. ಅನ್ನಕ್ಕೆ ಇಟ್ಟು ಮರೆಯುವುದು. ಎರಡನೆಯ ವಾರದಲ್ಲಿ ಸಾನಿಯಾ ಫೋನ್ ಮಾಡಿದಳು.

“ಆಂಟಿ, ಗುಡ್ ನ್ಯೂಸ್! ಕಮಿಟಿಗೆ ಚಾಪ್ಟರ್ ಕಳಿಸ್ಬಿಟ್ಟೆ. ಗೈಡ್‌ಗೆ ತುಂಬಾ ಇಷ್ಟ ಆಗಿದೆ. ಒಂದ್ ಕಾಲೇಜಿಂದ ಇಂಟರ್ವ್ಯೂ ಕೂಡ ಬಂದಿದೆ. ಅಲ್ಲಿ ಇದೇ ಚಾಪ್ಟರ್ ಪ್ರೆಸೆಂಟ್ ಮಾಡ್ಬೇಕು.”

ಬಾಯಿ ತೆರೆದೆ. ಹೆಲೆನ್‌ರ ಮಾತು ನೆನಪಾಯಿತು. ಅದು ನೆಪವೆಂದು ಈಗ ಗೊತ್ತು. ನಿಜವಾಗಿ ನನಗೆ ಹೆದರಿಕೆಯಾಗಿತ್ತು. “ಒಳ್ಳೇದಾಗ್ಲಿ ಕಣಮ್ಮ,” ಎಂದೆ. ಅಷ್ಟೇ ಅಲ್ಲ, ಇಂಟರ್ವ್ಯೂಗೆ ಯಾವ ಬಣ್ಣದ ಬಟ್ಟೆ ಹಾಕಬೇಕು ಎಂದು ಅವಳು ಕೇಳಿದ್ದಕ್ಕೆ ನಗುತ್ತಾ ಹತ್ತು ನಿಮಿಷ ಮಾತಾಡಿದೆ. ಫೋನ್ ಇಟ್ಟ ಮೇಲೆ ನನ್ನ ದನಿ ನನಗೇ ಅಸಹ್ಯವಾಯಿತು.

“ಸುಮ್ನೆ ಹೇಳ್ಬಿಡು ವಿಮಲಾ,” ಎಂದರು ಗಂಡ.

“ಗ್ಯಾರಂಟಿ ಇಲ್ಲದೆ ಏನಂತ ಹೇಳ್ಲಿರೀ?”

“ಗ್ಯಾರಂಟಿ ಇಲ್ಲ ಅನ್ನೋದನ್ನೇ ಹೇಳು.”

ಅವರು ಹೇಳಿದ್ದು ಸರಿಯಾಗಿತ್ತು. ನಾನು ಹೇಳಲಿಲ್ಲ.

ಗೊತ್ತುಮಾಡಿದ ದಿನದ ಹಿಂದಿನ ಬೆಳಿಗ್ಗೆ ನಾನೂ ಗಂಡನೂ ಕಾರಿನಲ್ಲಿ ಹೊರಟೆವು. ವರ್ಜೀನಿಯಾ ದಾಟುವ ತನಕ ನಾನು ಡ್ರೈವ್ ಮಾಡಿದೆ. ಆಮೇಲೆ ಅವರು ಸ್ಟೀರಿಂಗ್ ಹಿಡಿದರು. ಮರುದಿನ ಬೆಳಿಗ್ಗೆ ಲೈಬ್ರರಿಗೆ ಹೋದೆವು, ಅದರ ನೆಲಮಾಳಿಗೆಯಲ್ಲಿ ಓದುವ ಕೋಣೆ. ಮಾಸ್ಕ್ ಹಾಕಿದ್ದ ವಯಸ್ಸಾದ ಲೈಬ್ರೇರಿಯನ್ ಪೆಟ್ಟಿಗೆಯಿಂದ ಪತ್ರ ತೆಗೆದು ಸ್ಪಂಜಿನ ಹಾಸಿನ ಮೇಲಿಟ್ಟರು. ನಾನು ಬಗ್ಗಿ ನೋಡಿದೆ. ಸ್ಕ್ಯಾನಿನಲ್ಲಿ ಕಂಡದ್ದೇ ಕಂಡಿತು.

“ಮೇಲಿನಿಂದ ಬೆಳಕು ಬಿಟ್ಟರೆ ಏನೂ ಕಾಣೋದಿಲ್ಲ,” ಎಂದು ಆಕೆ ಒಂದು ಸಣ್ಣ ಟಾರ್ಚು ಕೊಟ್ಟರು. “ಪಕ್ಕದಿಂದ ಹಿಡಿಯಿರಿ.”

ಪಕ್ಕದಿಂದ ಹಿಡಿದೆ. ಲೇಖನಿಯ ಮೊನೆ ಕಾಗದವನ್ನು ಒತ್ತಿದ ಗುರುತು ಎದ್ದು ಬಂತು. ಎರಡು ಬಟ್ಟಲುಗಳಂತೆ, ಒಂದರ ಪಕ್ಕ ಒಂದು. ಡಬ್ಲ್ಯೂ. ಟಿಯ ಅಡ್ಡಗೆರೆ ಎಂದುಕೊಂಡದ್ದು ಮಡಿಕೆಯಲ್ಲಿ ಕೂತ ಕೊಳೆ.

ಪೂರ್ತಿ ಪತ್ರ ಮೂರು ಸಲ ಓದಿದೆ. ಯಾಕೆ ಮನಸ್ಸು ಬದಲಿಸಿದೆ ಎಂದು ಕರ್ನಲ್ ಎಲ್ಲೂ ಬರೆದಿರಲಿಲ್ಲ. ಮುಂದಿನ ಸಾಲಿನಲ್ಲಿ ಕುದುರೆಯ ಕಾಲು.

ಹೊರಗೆ ಬಂದು ಕಾರಿನಲ್ಲಿ ಕೂತು ಹೆಲೆನ್‌ಗೆ ಫೋನ್ ಮಾಡಿದೆ. “ತಿದ್ದುಪಡಿ ನೀವೇ ಬರೆಯಿರಿ. ಯಾರ ತಪ್ಪು, ಹೇಗಾಯಿತು, ಎರಡೂ ಇರಲಿ. ನಾನೂ ಸಹಿ ಹಾಕುತ್ತೇನೆ,” ಎಂದರು. ಆಮೇಲೆ, “ಆ ಹುಡುಗಿಗೆ ಆವತ್ತೇ ಹೇಳಿ ಎಂದು ನಾನು ಹೇಳಬೇಕಿತ್ತು,” ಎಂದರು. ಅಷ್ಟು ವರ್ಷದಲ್ಲಿ ಅವರು ತಮ್ಮ ತಪ್ಪು ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮನೆಗೆ ಹಿಂತಿರುಗಬೇಕಾದವರು ಅದೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ತಿರುಗಿದೆವು. ಅಟ್ಲಾಂಟಾ ಮುಟ್ಟುವಾಗ ಸಂಜೆಯಾಗುತ್ತಾ ಬಂದಿತ್ತು. ಮುಂಚೆ ಫೋನ್ ಮಾಡಿದ್ದರಿಂದ ಸಾನಿಯಾ ಅಪಾರ್ಟ್‌ಮೆಂಟಿನ ಹೊರಗೆ ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಮುಖಾಮುಖಿ ನೋಡುತ್ತಿದ್ದದ್ದು ಅದೇ ಮೊದಲು.

“ಆಂಟಿ, ನೀವು ಇಷ್ಟು ದೂರ ಡ್ರೈವ್ ಮಾಡ್ಕೊಂಡು! ಏನ್ ಸರ್ಪ್ರೈಸ್!”

ನಿಂತಲ್ಲೇ ಹೇಳಿದೆ. ಫೋನಿನಲ್ಲಿ ತೆಗೆದ ಚಿತ್ರ ತೋರಿಸಿದೆ. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಬೆರಳಿನಿಂದ ಎಳೆದು ಆ ಪದವನ್ನು ದೊಡ್ಡದು ಮಾಡಿದಳು. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು.

“ನಿಮಗೆ ಯಾವಾಗ ಡೌಟ್ ಬಂತು?”

“ಮೂರು ವಾರ ಆಯ್ತು.”

“ಅಂದ್ರೆ ನಾನು ಫೋನ್ ಮಾಡಿದಾಗ ಗೊತ್ತಿತ್ತು.”

“ಗ್ಯಾರಂಟಿ ಇರ್ಲಿಲ್ಲ ಕಣಮ್ಮ, ಮೂಲ ನೋಡಿರ್ಲಿಲ್ಲ...”

“ಬಟ್ಟೆ ಬಣ್ಣದ ಬಗ್ಗೆ ಮಾತಾಡಿದ್ರಿ ಆಂಟಿ. ನಗ್ತಾ ಮಾತಾಡಿದ್ರಿ.” ಅವಳ ದನಿ ಏರಲಿಲ್ಲ. “ಓದೋದ್ರಲ್ಲಿ ತಪ್ಪು ಯಾರಿಗಾದ್ರೂ ಆಗುತ್ತೆ. ನಾನೂ ಮೂಲ ನೋಡದೆ ಬರ್ದೆ, ಅದು ನನ್ನ ತಪ್ಪು. ಆದ್ರೆ ನಾಡಿದ್ದು ನನ್ನ ಇಂಟರ್ವ್ಯೂ. ಮೂರು ವಾರ ಸಿಕ್ಕಿದ್ರೆ ನಾನು ಬೇರೆ ಏನಾದ್ರೂ ಬರೀತಿದ್ದೆ.”

ಅವಳು ಫೋನ್ ನನ್ನ ಕೈಗೆ ಕೊಟ್ಟು, “ಅಂಕಲ್‌ಗೆ ಸುಸ್ತಾಗಿರುತ್ತೆ, ನಿಧಾನಕ್ಕೆ ಹೋಗಿ,” ಎಂದು ಒಳಗೆ ಹೋದಳು.

ಇಂಟರ್ವ್ಯೂನಲ್ಲಿ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳಂತೆ. ಆ ಕೆಲಸ ಬೇರೆಯವರಿಗೆ ಹೋಯಿತು. ಅಧ್ಯಾಯ ಮತ್ತೆ ಬರೆಯಬೇಕಾಗಿ ಪಿಎಚ್.ಡಿ. ಒಂದು ವರ್ಷ ಮುಂದಕ್ಕೆ ಹೋಯಿತು, ವೀಸಾ ಮುಂದುವರಿಸಲು ಓಡಾಡಬೇಕಾಯಿತು. ಇದೆಲ್ಲ ನನಗೆ ಬೇರೆಯವರಿಂದ ತಿಳಿದದ್ದು. ಎರಡು ಸಲ ಇಮೇಲ್ ಮಾಡಿದೆ. ಉತ್ತರ ಬರಲಿಲ್ಲ. ಮೂರನೆಯ ಸಲ ಬರೆದು ಕಳಿಸದೆ ಬಿಟ್ಟೆ.

ಕಚೇರಿ ಮತ್ತೆ ತೆರೆಯಿತು. ಹೆಲೆನ್ ನಿವೃತ್ತರಾದರು. ಅವರ ಜಾಗಕ್ಕೆ ಬಂದ ಹೊಸ ಮುಖ್ಯಸ್ಥರಿಗೆ ವೇಗ ಬೇಕಿತ್ತು. ಕೈಬರಹವನ್ನು ತಾನೇ ಓದುವ ಸಾಫ್ಟ್‌ವೇರ್ ಒಂದನ್ನು ತರಿಸಿದರು. ನಾವು ಎಷ್ಟೋ ವರ್ಷ ಟೈಪು ಮಾಡಿದ್ದ ಪತ್ರಗಳನ್ನೇ ಅದಕ್ಕೆ ಕೊಟ್ಟು ಓದಲು ಕಲಿಸಿದ್ದರು. ಒಂದು ದಿನಕ್ಕೆ ಇಬ್ಬರು ಓದುವುದನ್ನು ಅದು ಕಾಫಿ ತರುವಷ್ಟರಲ್ಲಿ ಓದುತ್ತಿತ್ತು. ಸುಳ್ಳು ಹೇಳಬಾರದು, ಬಹಳ ಚೆನ್ನಾಗಿ ಓದುತ್ತಿತ್ತು. ಪರೀಕ್ಷೆಗೆಂದು ನಾನು ಕರ್ನಲ್‌ನ ಆ ಪತ್ರ ಹಾಕಿದೆ. ಅದು ಅನುಮಾನವೇ ಇಲ್ಲದೆ ‘ನಾಟ್’ ಎಂದಿತು. ಜಾಲತಾಣದಲ್ಲಿ ತಿದ್ದಿದ್ದೆವು. ಯಂತ್ರಕ್ಕೆ ಕೊಟ್ಟ ಕಡತ ಹಳೆಯದು. ನನ್ನ ತಪ್ಪನ್ನು ಅದು ನನ್ನಿಂದಲೇ ಕಲಿತಿತ್ತು. ಹೊಸ ಮುಖ್ಯಸ್ಥರಿಗೆ ತೋರಿಸಿದೆ. ಅವರು ಒಳ್ಳೆಯವರೇ, ಕಡತ ಬದಲಿಸಿದರು. ಆದರೆ ನನ್ನ ಮನಸ್ಸಿಗೆ ಸಮಾಧಾನವಾಗಲಿಲ್ಲ. ಹಳೆಯ ಕಡತ ಇನ್ನೆಲ್ಲಿಗೆ ಹೋಗಿದೆಯೋ ಯಾರಿಗೆ ಗೊತ್ತು?

2025ರಲ್ಲಿ ನಮ್ಮ ಕೆಲಸಕ್ಕೆ ಬರುತ್ತಿದ್ದ ಸರ್ಕಾರದ ಗ್ರಾಂಟ್ ನಿಂತುಹೋಯಿತು. ಎರಡು ವಾರದಲ್ಲಿ ಕಚೇರಿ ಖಾಲಿ ಮಾಡಿ ಎಂದರು. ಕಾಯುತ್ತಿದ್ದ ಪತ್ರಗಳ ಪೆಟ್ಟಿಗೆಗಳನ್ನು ಯಾವ ಗೋದಾಮಿಗೆ ಹಾಕಿದರೋ ನನಗೆ ತಿಳಿಯದು. ಬೀಳ್ಕೊಡುಗೆ ಏನೂ ಇರಲಿಲ್ಲ. ನಾನೂ ವಾಲ್ಟರೂ ಪಾರ್ಕಿಂಗಿನಲ್ಲಿ ನಿಂತು ಮಾತಾಡಿ, ನಮ್ಮ ನಮ್ಮ ಕಾರು ಹತ್ತಿದೆವು.

ಮನೆಯಲ್ಲಿ ಕೂತು ಒಂದು ತಿಂಗಳಾಗುವಷ್ಟರಲ್ಲಿ ಸಾನಿಯಾಳ ಮೆಸೇಜ್ ಬಂತು. ಕಚೇರಿ ಮುಚ್ಚಿದ ಸುದ್ದಿ ಕೇಳಿದೆ, ಬೇಜಾರಾಯಿತು, ಈಗ ಷಾರ್ಲೆಟ್‌ನಲ್ಲಿದ್ದೇನೆ, ಈ ಕಡೆ ಬಂದರೆ ಬನ್ನಿ ಎಂದು. ನಮಗೆ ಆ ಕಡೆ ಯಾವ ಕೆಲಸವೂ ಇರಲಿಲ್ಲ. ಮುಂದಿನ ವಾರವೇ ಹೋದೆವು.

ಊರಂಚಿನ ಬ್ಯಾಲಂಟೈನ್ ಬಡಾವಣೆಯಲ್ಲಿ ಅವಳ ಮನೆ. ಮದುವೆಯಾಗಿತ್ತು, ಗಂಡ ಆಫೀಸಿಗೆ ಹೋಗಿದ್ದ. ಅವಳು ಆವತ್ತು ರಜೆ ಹಾಕಿದ್ದಳು. ಡಾಕ್ಟರೇಟ್ ಮುಗಿದ ಮೇಲೆ ಕಾಲೇಜುಗಳಲ್ಲಿ ಕೆಲಸ ಸಿಗಲಿಲ್ಲವಂತೆ.

“ಎಲ್ಲಿ ಕೆಲಸ ಮಾಡ್ತಿದೀಯಮ್ಮ ಈಗ?” ಎಂದು ಕೇಳಿದೆ.

“ಬ್ಯಾಂಕಲ್ಲಿ,” ಎಂದಳು. ನನ್ನ ಮುಖ ನೋಡಿ ಅವಳಿಗೇ ನಗು ಬಂತು. “ನಗಿ ಆಂಟಿ, ಪರವಾಗಿಲ್ಲ. ನಮ್ಮ ಅಬ್ಬಾನೂ ನಕ್ಕರು. ಹಳೇ ರೆಕಾರ್ಡ್ಸ್ ನೋಡ್ಕೊಳೋ ಡಿಪಾರ್ಟ್‌ಮೆಂಟ್. ಕೆಲಸ ಚೆನ್ನಾಗಿದೆ. ಆದ್ರೆ ಪಾಠ ಮಾಡ್ಬೇಕು ಅಂತ ಇತ್ತು.”

ಆ ಕೊನೆಯ ಮಾತಿಗೆ ನಾನು ತಲೆ ತಗ್ಗಿಸಿದೆ. “ನಾನು ಆವತ್ತು ಫೋನಲ್ಲೇ ಹೇಳ್ಬೇಕಿತ್ತು. ಹೆದರಿಕೊಂಡೆ. ಬೇರೆ ಏನೂ ಕಾರಣ ಇಲ್ಲ,” ಎಂದೆ. ನಾಲ್ಕು ವರ್ಷ ಬಾಯಿಪಾಠ ಮಾಡಿಕೊಂಡಿದ್ದ ಉದ್ದನೆಯ ಮಾತುಗಳೆಲ್ಲ ಎಲ್ಲೋ ಹೋದವು.

ನನ್ನ ಗಂಡ ಗೋಡೆಯ ಮೇಲಿನ ಚಿತ್ರ ನೋಡುವವರಂತೆ ಎದ್ದು ಹೋದರು.

“ಪರವಾಗಿಲ್ಲ ಅಂತ ನಾನು ಹೇಳಲ್ಲ ಆಂಟಿ,” ಎಂದಳು ಸಾನಿಯಾ. “ಹೇಳಿದ್ರೆ ಸುಳ್ಳಾಗುತ್ತೆ. ಇನ್ನೂ ಒಂದೊಂದ್ ದಿನ ಸಿಟ್ಟು ಬರುತ್ತೆ.” ಆಮೇಲೆ ಎದ್ದು ನಿಂತಳು. “ಆದ್ರೆ ಊಟ ಮಾಡ್ಕೊಂಡ್ ಹೋಗ್ಬೇಕು. ತರಕಾರಿ ಪಲಾವ್ ಮಾಡಿದೀನಿ. ಅಂಕಲ್, ಕೈ ತೊಳ್ಕೊಳಿ.”

ಊಟ ಮಾಡಿದೆವು. ಎರಡನೆಯ ಸಲ ಬಡಿಸುವಾಗ ನನಗೆ ಸಾಕೆನ್ನಲು ಆಗಲಿಲ್ಲ. ಅವಳು ಹಾಕಿದಷ್ಟನ್ನೂ ತಿಂದೆ.